ಸಿಮೆಂಟ್ ಕಿತ್ತು ಗಾರೆ ಹಾಕಿದೆ, ಗುಡಿ ಸೋರುವುದು ನಿಂತಿತು

ಈ ಸಲ ಆಷಾಢ ಪೂರ್ತಿ ಮಳೆ ಸುರಿಯಿತು. ನಮ್ಮೂರ ಈಶ್ವರನ ಗುಡಿಯ ನವರಂಗದಲ್ಲಿ, ಅಂದರೆ ಗರ್ಭಗುಡಿ ಮುಂದಿನ ಕಂಬದ ಮಂಟಪದಲ್ಲಿ, ಒಂದು ಹನಿ ಬೀಳಲಿಲ್ಲ. ತಾರಸಿಯ ಸಿಮೆಂಟ್ ಕೀಳಿಸಿ, ಬೆಲ್ಲದ ನೀರು ಬೆರೆಸಿದ ಸುಣ್ಣದ ಗಾರೆ ಹಾಕಿಸಿದ್ದೆ. "ಬೆಲ್ಲ ಹಾಕಿ ಪಾಯಸ ಮಾಡ್ತೀಯೋ, ತಾರಸಿ ಮಾಡ್ತೀಯೋ" ಅಂತ ನಕ್ಕ ಪಕ್ಕದೂರಿನವರೇ ಈಗ ತಮ್ಮ ಗುಡಿ ನೋಡು ಬಾ ಅಂತ ಕರೆಯುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗುಡಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದ್ದು. ಅಂಗಳದ ಶಾಸನ 1902ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟದಲ್ಲಿ ಅಚ್ಚಾಗಿದೆ, ಸವೆದ ಸಾಲುಗಳನ್ನು ನಾನು ಅದರಿಂದಲೇ ಓದಿಕೊಂಡಿದ್ದು. ಬೇಲೂರು, ಹಳೇಬೀಡಿನ ಹಾಗೆ ಗೋಡೆ ತುಂಬ ಕೆತ್ತನೆ ಏನಿಲ್ಲ. ಬಳಪದ ಕಲ್ಲು, ತಿರುಗಿಸಿ ಕಡೆದ 4 ತಿರುಗಣೆ ಕಂಬ, ಮೇಲೆ ಚಪ್ಪಡಿ. ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ, ಊರವರೇ ದಿಕ್ಕು.

ಸುಮಾರು 20 ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಹಳೇ ಗಾರೆ ಕೆರೆದು ಹಾಕಿ 4 ಇಂಚು ಕಾಂಕ್ರೀಟ್ ಸುರಿದಿದ್ದರು. ಅದು ಬಿರುಕು ಬಿಟ್ಟಿತು. ಒಳಗಿಳಿದ ನೀರಿಗೆ ಆರಲು ದಾರಿಯಿಲ್ಲ, ಕೆಳಗೆ ಕಲ್ಲಿನ ಮೇಲೆ ಬಿಳಿ ಉಪ್ಪು ಕಟ್ಟಿ ಪದರ ಪದರ ಉದುರುತ್ತಿತ್ತು. ಮಷೀನು ಬೇಡ, ಚಪ್ಪಡಿ ಸೀಳುತ್ತದೆ ಅಂತ ಉಳಿ ಸುತ್ತಿಗೆಯಲ್ಲೇ ಕೀಳಿಸಿದೆ. 26 ದಿನ ಹಿಡಿಯಿತು. ಕೂಲಿಯೇ 70 ಸಾವಿರ ದಾಟಿತು.

ಮೊದಲ ಗಾರೆ ಪೂರ್ತಿ ಹಾಳು. ಸುಣ್ಣ ಒಂದೇ ವಾರ ನೆನೆಸಿದ್ದೆ, ಅವಸರ. ಅರಳದೆ ಉಳಿದ ಚೂರುಗಳು ಆಮೇಲೆ ಮೇಲೆ ಕೂತು ಅರಳಿ ತಾರಸಿ ತುಂಬ ಗುಳ್ಳೆ ಎದ್ದವು. ಬೆಲ್ಲವೂ ಜಾಸ್ತಿಯಾಗಿ ಇರುವೆ ಸಾಲುಗಟ್ಟಿದವು, ಗಾರೆ ಗಟ್ಟಿಯಾಗಲೇ ಇಲ್ಲ. 40 ಸಾವಿರ ನೀರಿಗೆ ಹಾಕಿದಂತಾಯಿತು. ಮನೆಯಲ್ಲಿ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಎರಡನೇ ಸಲ ಸುಣ್ಣ ಹತ್ತಿರ ಹತ್ತಿರ 2 ತಿಂಗಳು ಗುಂಡಿಯಲ್ಲಿತ್ತು. ಅದಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿದೆ. ಅಳಲೆಕಾಯಿ, ಬೆಲ್ಲದ ನೀರು ಎಷ್ಟು ದಿನ ಹುಳಿಯಬೇಕು ಅನ್ನುವುದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಬಡಿಯುವುದೇ ನಿಜವಾದ ಕೆಲಸ. 8 ಹೆಂಗಸರು ಸಾಲಾಗಿ ಕೂತು 15 ದಿನ ಬಡಿದರು, ಮರದ ಕೊಡತಿ ಒಳಗಿಳಿಯದೆ ಎಗರಿ ಬರುವವರೆಗೆ. ಆಮೇಲೆ ಗೋಣಿತಾಟು ಹಾಸಿ ಒಂದು ತಿಂಗಳು ಒದ್ದೆ ಇಟ್ಟೆವು.

ಈ ಮಧ್ಯೆ ಸುಮ್ನೆ ಇರಲಾರದೆ ಬಾಗಿಲವಾಡದ (ಬಾಗಿಲ ಚೌಕಟ್ಟಿನ) ಮೇಲೆ ಕೂತಿದ್ದ ಸುಣ್ಣದ ಪದರಕ್ಕೆ ಕೈ ಹಾಕಿದೆ. ಮೊದಲು ಒಂದು ಒಡೆದ ಕಲ್ಲಿನ ಮೇಲೆ ಹುಣಸೆ ನೀರು ಪರೀಕ್ಷಿಸಿದೆ. ಸುಣ್ಣ ಬಿಟ್ಟಿತು, ಜೊತೆಗೆ ಕಲ್ಲಿನ ಹೊಳಪೂ ಹೋಯಿತು. ಕೊನೆಗೆ ಒದ್ದೆ ಕಾಗದದ ಮುದ್ದೆ ಮೆತ್ತಿಟ್ಟು ಬಿದಿರು ಚಕ್ಕೆಯಿಂದ ಕೆರೆದೆ. ದಿನಕ್ಕೆ ಒಂದು ಗೇಣು. ಅಡಿಯಲ್ಲಿ ಬಳ್ಳಿ, ಅದರೊಳಗೆ ಒಂದು ಪುಟ್ಟ ಹಂಸ. ಅಜ್ಜಂದಿರೂ ನೋಡಿರಲಿಲ್ಲವಂತೆ.

ಒಟ್ಟು 3 ಲಕ್ಷ ಚಿಲ್ಲರೆ. ಮತ್ತೆ ಸಿಮೆಂಟೇ ಹಾಕಲು ಒಬ್ಬರು ಒಂದೂಕಾಲು ಲಕ್ಷ ಹೇಳಿದ್ದರು, ನಿಜ. ಕಮಿಟಿಯಿಂದ ನನಗೆ ಇನ್ನೂ 18 ಸಾವಿರ ಬರಬೇಕು. ಜಾತ್ರೆ ಕಳೀಲಿ ಅಂತಿದ್ದಾರೆ.