ಬೀದರಿನಲ್ಲಿ ಕಡಿಮೆ ಖರ್ಚಿನ ವೈಜ್ಞಾನಿಕ ಕಿರುಚಿತ್ರ ಮಾಡುವ ಬಗೆ

ವೈಜ್ಞಾನಿಕ ಕಲ್ಪನೆಯ ಚಿತ್ರ ಮಾಡಬೇಕೆಂದು ಹೊರಟ ನಮ್ಮ ಭಾಗದ ಹುಡುಗರು ಮೊದಲು ವಿಚಾರಿಸುವುದು ಹೈದರಾಬಾದಿನಲ್ಲಿ ಗ್ರಾಫಿಕ್ಸ್ ಮಾಡಿಕೊಡುವವರು ಎಷ್ಟು ಹಣ ಕೇಳುತ್ತಾರೆ ಎಂಬುದನ್ನು. ಆ ವಿಚಾರಣೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬಹುಶಃ ಅದರ ಅಗತ್ಯವೇ ಬೀಳಲಿಕ್ಕಿಲ್ಲ. 2004ರ ಅಮೆರಿಕನ್ ಚಿತ್ರ ‘ಪ್ರೈಮರ್’ ಸುಮಾರು 7,000 ಡಾಲರ್‌ಗಳಲ್ಲಿ ತಯಾರಾಯಿತು, ಅದರ ಕಾಲಯಂತ್ರ ನೋಡಲು ಒಂದು ಪೆಟ್ಟಿಗೆಯಷ್ಟೆ. 2013ರ ‘ಕೊಹೆರೆನ್ಸ್’ ಚಿತ್ರದ ಬಹುಪಾಲು ನಿರ್ದೇಶಕರ ಮನೆಯಲ್ಲಿಯೇ ಐದು ರಾತ್ರಿಗಳಲ್ಲಿ ಚಿತ್ರಿತವಾಯಿತು.

ಬರವಣಿಗೆಯನ್ನು ಯಂತ್ರದಿಂದಲ್ಲ, ಪಾತ್ರವು ತಪ್ಪಿಸಿಕೊಳ್ಳುತ್ತಿರುವ ಪ್ರಶ್ನೆಯಿಂದ ಆರಂಭಿಸಿ. ಹುಮನಾಬಾದ್ ಕಡೆಯ ಒಬ್ಬ ಯುವಕ ಪುಣೆಗೆ ಗುಳೆ ಹೋಗಿ, ಹನ್ನೆರಡು ವರ್ಷಗಳ ನಂತರ ತಾಯಿಯ ದಿನಕರ್ಮಕ್ಕೆಂದು ಮರಳಿದ್ದಾನೆ ಎಂದುಕೊಳ್ಳಿ. ಯಾಕೆ ಹೋದೆ ಎಂದು ಯಾರು ಕೇಳಿದರೂ ಅವನ ಉತ್ತರ ‘ಹೊಟ್ಟೆಪಾಡು’. ನಿಜವಾಗಿ ಅವನು ಹೋದದ್ದು, ಸಾಲಗಾರರ ಎದುರು ತಲೆ ತಗ್ಗಿಸಿ ನಿಂತ ಅಪ್ಪನನ್ನು ನೋಡಲಾರದೆ. ಬೀದರಿನ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದೊಳಗಿನ ಆ ನೀರಿನ ಸುರಂಗಕ್ಕೆ ಮೇಲಿನಿಂದ ಬಾವಿಯಂತೆ ಇಳಿಯುವ ಗಾಳಿಕಿಂಡಿಗಳಿವೆ. ಯುವಕ ಅಂಥ ಒಂದು ಕಿಂಡಿಗೆ ಬಗ್ಗಿ ಕೂಗಿದಾಗ ಕೆಳಗಿನಿಂದ ಅವನದೇ ದನಿ ಉತ್ತರಿಸುತ್ತದೆ, ಆದರೆ ಅದು ಊರು ಬಿಡದೆ ಉಳಿದುಕೊಂಡ ಅವನ ದನಿ.

ಇಡೀ ಚಿತ್ರದಲ್ಲಿ ಅಸಾಧ್ಯವಾದ ಸಂಗತಿ ಇದೊಂದೇ ಇರಲಿ, ಮತ್ತು ಅದಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿರಲಿ: ಊರು ಬಿಟ್ಟ ದಿನದವರೆಗಿನ ನೆನಪು ಇಬ್ಬರಿಗೂ ಒಂದೇ, ನಂತರದ್ದು ಬೇರೆ. ಈ ನಿಯಮದಿಂದಾಗಿಯೇ ಹೊಟ್ಟೆಪಾಡು ಎಂಬ ಮಾತು ಆ ದನಿಯ ಮುಂದೆ ನಡೆಯುವುದಿಲ್ಲ. ಕರೇಜನ್ನು ತೆಗೆದುಹಾಕಿದರೂ ನಿಮ್ಮ ಕಥೆ ಹಾಗೆಯೇ ನಿಲ್ಲುವುದಾದರೆ ಅದು ಅಲಂಕಾರವಾಗಿ ಮಾತ್ರ ಬಂದಿದೆ ಎಂದು ತಿಳಿಯಿರಿ. ಯುವಕನ ಸುಳ್ಳನ್ನು ತೆಗೆದರೂ ಕಥೆ ನಿಂತರೆ ನೀವು ಬರೆದದ್ದು ಒಗಟು. (ಬೀದರಿನ ಕೆಂಪು ನೆಲವನ್ನು ಮಂಗಳ ಗ್ರಹವೆಂದು ತೋರಿಸುವ ಆಸೆ ಎಲ್ಲರಿಗೂ ಮೊದಲ ದಿನವೇ ಬರುತ್ತದೆ, ಅದನ್ನು ಆ ದಿನವೇ ಬಿಟ್ಟುಬಿಡಿ.)

ಇಂಥ ಚಿತ್ರದ ಅರ್ಧ ಕೆಲಸ ಧ್ವನಿಯದು. ಕೆಳಗಿನ ದನಿಯ ಮಾತುಗಳನ್ನು ಅದೇ ನಟನಿಂದ ಒಂದು ವಾರ ಮೊದಲೇ, ಖಾಲಿ ನೀರಿನ ಟ್ಯಾಂಕಿನೊಳಗೆ ಮೈಕ್ ಇಳಿಬಿಟ್ಟು ಮುದ್ರಿಸಿಕೊಳ್ಳಿ. ಚಿತ್ರೀಕರಣದ ದಿನ ಅದನ್ನು ಕ್ಯಾಮೆರಾಕ್ಕೆ ಕಾಣದ ಕಿವಿಯಲ್ಲಿ ಇಯರ್‌ಫೋನ್ ಇಟ್ಟು ಅವನಿಗೆ ಕೇಳಿಸಿದರೆ, ಉತ್ತರಿಸುವ ಮುನ್ನ ಅವನು ತಡೆಯುವ ಉಸಿರು ನಟನೆಯಾಗಿ ಉಳಿಯುವುದಿಲ್ಲ. ಇಬ್ಬರ ಭಾಷೆಯೂ ಬೇರೆಯಾಗಿರಬೇಕು: ಮೇಲಿನವನ ಮಾತಿನಲ್ಲಿ ಹನ್ನೆರಡು ವರ್ಷಗಳ ಮರಾಠಿ ಮತ್ತು ಹಿಂದಿ ಬೆರೆತಿರಲಿ, ಕೆಳಗಿನವನು “ಯಾವಾಗ ಬಂದಿ? ಯಾಕ್ ಹೋಗಿದ್ದಿ?” ಎಂದು ಊರಿನ ಕನ್ನಡದಲ್ಲಿಯೇ ಕೇಳಲಿ. ಬೆಂಗಳೂರಿನ ಕನ್ನಡದಲ್ಲಿ ಬರೆದು ಆಮೇಲೆ ತಿದ್ದುವುದು ಬೇಡ. ಬೀದರಿನ ವಾಯುನೆಲೆಯ ತರಬೇತಿ ವಿಮಾನಗಳು ಟೇಕ್‌ಗಳನ್ನು ಕೆಡಿಸುತ್ತವೆ. ಅವುಗಳನ್ನು ತಡೆಯಲಾಗದ ಕಾರಣ, ವಿಮಾನ ಹಾದುಹೋಗುವಷ್ಟು ಹೊತ್ತು ಇಬ್ಬರೂ ಸುಮ್ಮನಾಗುವ ಒಂದು ಜಾಗವನ್ನು ಚಿತ್ರಕಥೆಯಲ್ಲಿಯೇ ಇಟ್ಟುಕೊಳ್ಳುವುದು ಜಾಣತನ.

ಕೋಟೆಯಾಗಲಿ, ಮಹಮೂದ್ ಗವಾನನ ಮದರಸಾ ಆಗಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿನ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಕರೇಜಿನ ಬಳಿಗೂ ಜಿಲ್ಲಾಡಳಿತವನ್ನು ಕೇಳಿಯೇ ಹೋಗಿ, ಕಿಂಡಿಯೊಳಗೆ ಯಾರನ್ನೂ ಇಳಿಸಬೇಡಿ. ನಟ ಬಗ್ಗುವ ಸಮೀಪದ ದೃಶ್ಯಗಳನ್ನು ಪರಿಚಯದ ರೈತರ ಹೊಲದ ಬಾವಿಕಟ್ಟೆಯಲ್ಲಿ ತೆಗೆದರೆ ಸಾಕು. ಬೇಸಿಗೆಯಾದರೆ ಬೆಳಗಿನ ಒಂಬತ್ತರೊಳಗೆ ಹೊರಾಂಗಣದ ಕೆಲಸ ಮುಗಿಸಿ.

ದನಿ ಎಲ್ಲಿಂದ ಬಂತೆಂದು ಕೊನೆಯಲ್ಲಿ ವಿವರಿಸಬೇಕಾಗಿಲ್ಲ. ಅಡುಗೆಮನೆಯಿಂದ ಅಕ್ಕ “ಯಾಕ್ ಹೋಗಿದ್ದಿ ತಮ್ಮಾ?” ಎಂದು ಮತ್ತೊಮ್ಮೆ ಕೇಳಿದಾಗ ಅವನು ಈ ಸಲ ಕೊಡುವ ಉತ್ತರವನ್ನು ಬರೆಯಿರಿ, ಅದರ ನಂತರ ಚಿತ್ರೀಕರಿಸಿದ್ದೇನಾದರೂ ಇದ್ದರೆ ಎಡಿಟಿಂಗ್‌ನಲ್ಲಿ ಕತ್ತರಿಸಿ.