ಹಳದಿ ಮುಚ್ಚಳದ ಕಾರಿಗೆ ಯಾವ ಇಂಧನ?

ಮಿನೆಸೋಟಕ್ಕೆ ಬಂದ ಹೊಸತರಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಟ್ಯಾಂಕಿನ ಮುಚ್ಚಳ ಅರಿಶಿನದ ಬಣ್ಣದ್ದು. ಒಂದೂವರೆ ವರ್ಷ ಅದನ್ನು ತಿರುಗಿಸಿ ತೆಗೆದಿದ್ದೇನೆ, ಹಾಕಿದ್ದೇನೆ. ಯಾಕೆ ಹಳದಿ ಎಂದು ಒಮ್ಮೆಯೂ ಯೋಚಿಸಲಿಲ್ಲ. ಹಿಂದಿನ ಮಾಲೀಕನ ಶೋಕಿ ಇರಬೇಕು ಎಂದುಕೊಂಡಿದ್ದೆ. ಊರಿನಿಂದ ಬಂದಿದ್ದ ಮಾವನವರು ಬಂಕಿನಲ್ಲಿ ಸುಮ್ಮನೆ ಕೂರಲಾರದೆ ಕೆಳಗಿಳಿದು, ಮುಚ್ಚಳದ ಮೇಲಿನ ಬರಹವನ್ನು ಕನ್ನಡಕ ಏರಿಸಿ ಓದಿ, ‘ಇದರಲ್ಲಿ ಇ-85 ಎಂದು ಬರೆದಿದೆಯಲ್ಲಪ್ಪಾ, ಹಾಗೆಂದರೇನು?’ ಎಂದು ಕೇಳಿದಾಗಲೇ ಗೊತ್ತಾದದ್ದು, ನನ್ನದು ಫ್ಲೆಕ್ಸ್ ಫ್ಯುಯೆಲ್ ಕಾರು, ಅಂದರೆ ಪೆಟ್ರೋಲಿನಲ್ಲೂ ಎಥೆನಾಲ್ ಹೆಚ್ಚಿರುವ ಇ-85 ಇಂಧನದಲ್ಲೂ ಓಡುವಂಥದ್ದು ಎಂದು. ಎಥೆನಾಲ್ ಎಂದರೆ ಇಲ್ಲಿ ಹೆಚ್ಚಾಗಿ ಮೆಕ್ಕೆಜೋಳದಿಂದ ತೆಗೆಯುವ ಮದ್ಯಸಾರ.

ದಡ್ಡ ನಾನೊಬ್ಬನೇ ಅಲ್ಲ ಎನ್ನುವುದು ಸಮಾಧಾನ. ಅಮೆರಿಕದಲ್ಲಿ ಇಂಥ ವಾಹನಗಳು ಎರಡು ಕೋಟಿಗೂ ಹೆಚ್ಚಿವೆ; ಬಹಳಷ್ಟು ಮಾಲೀಕರಿಗೆ ಅದರ ಸುಳಿವೇ ಇಲ್ಲ. 1988ರ ಕಾನೂನೊಂದು ಇಂಥ ಕಾರು ತಯಾರಿಸುವ ಕಂಪನಿಗಳಿಗೆ ಮೈಲೇಜ್ ನಿಯಮದಲ್ಲಿ ರಿಯಾಯಿತಿ ಕೊಟ್ಟಿತು. ಕೊಂಡವರು ಎಥೆನಾಲ್ ಹಾಕಲಿ ಬಿಡಲಿ, ಕಂಪನಿಯ ಲೆಕ್ಕ ಚುಕ್ತಾ ಆಗುತ್ತಿತ್ತು. ಹಾಗಾಗಿ ಕಾರುಗಳು ಬಂದವು, ತಿಳಿವಳಿಕೆ ಬರಲಿಲ್ಲ.

ಮೊದಲು ನಿಮ್ಮ ಕಾರು ಯಾವುದೆಂದು ಖಚಿತ ಮಾಡಿಕೊಳ್ಳಿ. ಹಳದಿ ಮುಚ್ಚಳ ಅಥವಾ ಟ್ಯಾಂಕಿನ ಬಾಯಿಗೆ ಹಳದಿ ಬಳೆ, ಡಿಕ್ಕಿಯ ಮೇಲೆ ಫ್ಲೆಕ್ಸ್ ಫ್ಯುಯೆಲ್ ಎಂಬ ಲಾಂಛನ, ಟ್ಯಾಂಕಿನ ಬಾಗಿಲಿನ ಒಳಗೆ ಚೀಟಿ, ಇವು ಗುರುತುಗಳು. ಹಳೆಯ ಕಾರಿನಲ್ಲಿ ಮುಚ್ಚಳ ಬದಲಾಗಿರಬಹುದು, ಲಾಂಛನ ಉದುರಿರಬಹುದು. ಆದ್ದರಿಂದ ಕೈಪಿಡಿ ತೆರೆದು ನೋಡುವುದೇ ಸರಿ. ಅಲ್ಲಿ ಇ-85 ಹಾಕಬಹುದು ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಆ ಪಂಪಿನ ಹತ್ತಿರ ಸುಳಿಯಬೇಡಿ.

ಇನ್ನು ಬಂಕಿನಲ್ಲಿ ಏನೇನಿದೆ? ‘ರೆಗ್ಯುಲರ್’ ಎನ್ನುವ 87 ಆಕ್ಟೇನಿನ (ಎಂಜಿನ್ ಬಡಿತ ತಡೆಯುವ ಗುಣವನ್ನು ಹೇಳುವ ಅಂಕಿ ಇದು) ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥೆನಾಲ್ ಇದ್ದೇ ಇರುತ್ತದೆ. ‘88’ ಎಂದು ಬರೆದಿರುವುದು ಹೆಚ್ಚಾಗಿ ಶೇ 15ರ ಮಿಶ್ರಣ. 2001 ಮತ್ತು ಅನಂತರದ ಮಾದರಿಯ ಕಾರುಗಳಿಗೆ ಅದಕ್ಕೆ ಅನುಮತಿ ಇದೆ. ಮೆಕ್ಕೆಜೋಳದ ಸೀಮೆಯಾದ ಅಯೋವ, ಮಿನೆಸೋಟದ ಕಡೆ ಇ-30ರಂಥ ನಡುವಿನ ಮಿಶ್ರಣಗಳೂ ಸಿಗುತ್ತವೆ. ಅವೂ ಫ್ಲೆಕ್ಸ್ ಕಾರುಗಳಿಗೆ ಮಾತ್ರ. ಕೊನೆಗೆ ಇ-85. ಹೆಸರಿನಲ್ಲಿ 85 ಇದ್ದರೂ ಅದರಲ್ಲಿ ಎಥೆನಾಲ್ ಶೇ 51ರಿಂದ 83ರವರೆಗೆ ಎಷ್ಟಾದರೂ ಇರಬಹುದು. ನಾಝಲ್‌ನ ಬಣ್ಣವನ್ನು ನಂಬಬೇಡಿ, ಅದು ಬಂಕಿನಿಂದ ಬಂಕಿಗೆ ಬದಲಾಗುತ್ತದೆ, ಚೀಟಿ ಓದಿ. ದುಬಾರಿ ‘ಪ್ರೀಮಿಯಂ’ ಪೆಟ್ರೋಲಿನ ಗೊಡವೆಯಂತೂ ಬೇಡ. ಕೈಪಿಡಿ 87 ಸಾಕು ಎಂದ ಮೇಲೆ 91 ಹಾಕುವುದು ಹಣ ಸುರಿದಂತೆ.

ನಾನು ಎಡವಿದ್ದು ಬೆಲೆಯ ಫಲಕ ನೋಡಿ. ರೆಗ್ಯುಲರ್ ಗ್ಯಾಲನ್ನಿಗೆ 3.20 ಡಾಲರ್, ಪಕ್ಕದಲ್ಲೇ ಇ-85ಕ್ಕೆ 2.60. ಅರವತ್ತು ಸೆಂಟ್ ಉಳಿತಾಯ ಎಂದು ಹಿಗ್ಗಿ ಟ್ಯಾಂಕ್ ತುಂಬಿಸಿದೆ. ಎಂದಿನಂತೆ ಶುಕ್ರವಾರ ಖಾಲಿಯಾಗಬೇಕಿದ್ದ ಟ್ಯಾಂಕ್ ಬುಧವಾರವೇ ದೀಪ ತೋರಿಸಿತು.

ತಪ್ಪು ಕಾರಿನದಲ್ಲ. ಶುದ್ಧ ಎಥೆನಾಲಿನ ಒಂದು ಗ್ಯಾಲನ್ನಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಅದರ ಅಣುವಿನಲ್ಲಿ ಆಗಲೇ ಆಮ್ಲಜನಕ ಸೇರಿಕೊಂಡಿರುತ್ತದೆ. ಒಂದು ಬದಿ ಉರಿದ ಕೊಳ್ಳಿಯನ್ನು ಒಲೆಗೆ ಇಟ್ಟ ಹಾಗೆ. ಇ-85 ಹಾಕಿದಾಗ ಮೈಲೇಜ್ ಸಾಮಾನ್ಯವಾಗಿ ಶೇ 15ರಿಂದ 27ರಷ್ಟು ಇಳಿಯುತ್ತದೆ. ನಿಮ್ಮ ಕಾರಿನಲ್ಲಿ ಎಷ್ಟು ಇಳಿಯುತ್ತದೆ ಎನ್ನುವುದನ್ನು ನೀವೇ ಅಳೆಯಬೇಕು.

ಅಳೆಯುವುದು ಹೀಗೆ. ಪಂಪ್ ತಾನಾಗಿ ನಿಲ್ಲುವವರೆಗೆ ರೆಗ್ಯುಲರ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ಯಾಂಕ್ ತಳ ಕಾಣುವ ಹೊತ್ತಿಗೆ ಮತ್ತೆ ಅದೇ ರೀತಿ ತುಂಬಿಸಿ. ಓಡಿದ ಮೈಲಿಯನ್ನು ಈಗ ಹಾಕಿದ ಗ್ಯಾಲನ್ನಿನಿಂದ ಭಾಗಿಸಿ. ಅನಂತರ ಇ-85ರಲ್ಲಿ ಇದನ್ನೇ ಮಾಡಿ. ಆದರೆ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ಹಳೆಯ ಪೆಟ್ರೋಲ್ ಬೆರೆತಿರುತ್ತದೆ. ಎರಡನೆಯದು ನಿಜ ಹೇಳುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನೂ ನಂಬಿ ಕೂರಬೇಡಿ.

ನನ್ನ ಕಾರು ಗ್ಯಾಲನ್ನಿಗೆ ಪೆಟ್ರೋಲಿನಲ್ಲಿ 24 ಮೈಲಿ, ಇ-85ರಲ್ಲಿ 18 ಮೈಲಿ ಓಡಿತು. 18ನ್ನು 24ರಿಂದ ಭಾಗಿಸಿದರೆ 0.75. ಇದೇ ನನ್ನ ಕಾರಿನ ಅಂಕಿ. ಬಂಕಿಗೆ ಹೋದಾಗ ರೆಗ್ಯುಲರ್ ಬೆಲೆಯನ್ನು ಇದರಿಂದ ಗುಣಿಸುತ್ತೇನೆ: 3.20ಕ್ಕೆ 2.40. ಇ-85 ಅದಕ್ಕಿಂತ ಅಗ್ಗವಿದ್ದರೆ ಮಾತ್ರ ಲಾಭ. ಅಂದು 2.60 ಕೊಟ್ಟು ನಾನು ಜಾಣನಾದೆ ಎಂದುಕೊಂಡಿದ್ದೆನಲ್ಲ, 360 ಮೈಲಿಗೆ ಪೆಟ್ರೋಲಾದರೆ 48 ಡಾಲರ್, ಇ-85 ಆದರೆ 52. ನಾಲ್ಕು ಡಾಲರ್ ಕೈಬಿಟ್ಟಿತು, ಮೇಲಾಗಿ ಬಂಕಿಗೆ ಇನ್ನೊಂದು ಅಲೆದಾಟ. ಲೆಕ್ಕ ಹೇಳಿದಾಗ ಮಾವನವರು ನಕ್ಕರು, ಪುಣ್ಯಕ್ಕೆ ಏನೂ ಅನ್ನಲಿಲ್ಲ.

ಚಳಿಗಾಲಕ್ಕೆ ಈ ಅಂಕಿಯನ್ನು ಹೊಸದಾಗಿ ಅಳೆಯಿರಿ. ಎಥೆನಾಲ್ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಎಂಜಿನ್ ಹೊತ್ತಿಕೊಳ್ಳಲು ತಕರಾರು ಮಾಡುತ್ತದೆ. ಅದಕ್ಕಾಗಿ ಆಗ ಇ-85ರಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತಾರೆ. ಪೆಟ್ರೋಲಿಗೂ ಅದಕ್ಕೂ ಇರುವ ಮೈಲೇಜ್ ಅಂತರ ಕಿರಿದಾಗುತ್ತದೆ.

ಎರಡು ಇಂಧನಗಳನ್ನು ಬೆರೆಸಿದರೆ ಎಂಜಿನ್ ಹಾಳಾಗುವುದಿಲ್ಲ, ಅದೇ ಈ ಕಾರಿನ ಹೆಚ್ಚುಗಾರಿಕೆ; ಮಿಶ್ರಣ ಎಷ್ಟೆಂದು ತಾನೇ ಅರಿತು ಸರಿಹೊಂದಿಸಿಕೊಳ್ಳುತ್ತದೆ. ಅದಕ್ಕೆ ತುಸು ಸಮಯ ಬೇಕು ಅಷ್ಟೇ. ನನ್ನ ಕಾರಿನ ಕೈಪಿಡಿ ಹೇಳುವಂತೆ, ಇಂಧನ ಬದಲಿಸುವಾಗ 3 ಗ್ಯಾಲನ್ನಿಗಿಂತ ಕಡಿಮೆ ಹಾಕಬಾರದು, ಹಾಕಿದ ಕೂಡಲೇ 7 ಮೈಲಿಯಾದರೂ ಓಡಿಸಬೇಕು. ಬಂಕ್ ಮನೆಯ ಮಗ್ಗುಲಲ್ಲೇ ಇದ್ದರೆ ಒಂದು ಸುತ್ತು ಹೊಡೆದು ಬನ್ನಿ.

ಪರಿಸರದ ಲೆಕ್ಕ ಬೇರೆಯೇ. ಮೆಕ್ಕೆಜೋಳಕ್ಕೆ ಸುರಿಯುವ ಗೊಬ್ಬರ, ಬಳಸುವ ನೆಲ ಎಲ್ಲವನ್ನೂ ಸೇರಿಸಿದರೆ ಲಾಭವೆಷ್ಟು ಎನ್ನುವುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ನಾನಂತೂ ಜೇಬು ನೋಡಿಯೇ ಹಾಕುತ್ತೇನೆ.

ಊರಿನವರಿಗೊಂದು ಮಾತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ ಇ-20 ಪೆಟ್ರೋಲ್ ಬಂತೆಂದ ಮಾತ್ರಕ್ಕೆ ನಮ್ಮ ಕಾರುಗಳೆಲ್ಲ ಫ್ಲೆಕ್ಸ್ ಆಗಲಿಲ್ಲ. ಶೇ 20ಕ್ಕೆ ಹೊಂದುವ ಎಂಜಿನ್ ಬೇರೆ, 85ನ್ನು ತಾಳುವ ಎಂಜಿನ್ ಬೇರೆ. 2024ರಲ್ಲಿ ಬಂದ ಹೋಂಡಾ ಸಿಬಿ300ಎಫ್ ಫ್ಲೆಕ್ಸ್ ಬೈಕಿನಂಥದ್ದನ್ನು ಕೊಂಡವರಿಗೆ ಮಾತ್ರ ಮೇಲಿನ ಗುಣಾಕಾರ ಉಪಯೋಗಕ್ಕೆ ಬರುತ್ತದೆ, ಗ್ಯಾಲನ್ ಜಾಗದಲ್ಲಿ ಲೀಟರ್, ಮೈಲಿ ಜಾಗದಲ್ಲಿ ಕಿಲೋಮೀಟರ್.

ಮನೆಯಲ್ಲಿ ಫ್ಲೆಕ್ಸ್ ಅಲ್ಲದ ಎರಡನೇ ಕಾರೂ ಇದ್ದರೆ ಹುಷಾರು. ಅಭ್ಯಾಸಬಲದಿಂದ ಅದಕ್ಕೂ ಇ-85 ಹಾಕಿಬಿಡುವುದುಂಟು. ಅರ್ಧದಲ್ಲಿ ನೆನಪಾದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಜಾಗಕ್ಕೆ ರೆಗ್ಯುಲರ್ ತುಂಬಿಸಿ, ಎಂಜಿನ್ ದೀಪ ಹೊತ್ತಿಕೊಂಡರೆ ಮೆಕ್ಯಾನಿಕ್‌ಗೆ ತೋರಿಸಿ. ನನ್ನ ಹೆಂಡತಿ ತನ್ನ ಕಾರಿನ ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ ‘87 ಮಾತ್ರ’ ಎಂದು ಕನ್ನಡದಲ್ಲೇ ಬರೆದಿಟ್ಟಿದ್ದಾಳೆ. ಅದು ನನಗಾಗಿ.