ಮುತ್ಯಾನ ಅಪ್ಪನ ಹೆಸರು ಹುಡ್ಕೋರಿಗೆ

ನಮ್ಮ ಕಲಬುರಗಿ, ಬೀದರ್ ಕಡಿ ಹಳೇ ಮಂದಿ ಹೆಸರು ಹುಡ್ಕೋರು ಬರೇ ಕನ್ನಡ ಪಹಣಿ ನೋಡಿ ಕೈ ಬಿಡಬ್ಯಾಡ್ರಿ, 1948ರ ತನಕ ನಿಜಾಮರ ರಾಜ್ಯ ಇತ್ತಲ್ಲ, ಕಾಗದಪತ್ರ ಬಾಳಷ್ಟು ಉರ್ದುದಾಗೇ ಇರ್ತಾವ. ತಹಸೀಲ್ ಆಫೀಸಿನಾಗ ಹಳೇ ದಾಖಲೆ ನಕಲಿಗೆ ಅರ್ಜಿ ಹಾಕುವಾಗ ಹೆಸರಿಗಿಂತ ಸರ್ವೆ ನಂಬರ್ ಹಿಡ್ಕೊಂಡು ಹೋಗೋದೇ ಚಲೋ, ಯಾಕಂದ್ರ ಉರ್ದು ಬರವಣಿಗಿದಾಗ ಹ್ರಸ್ವ ಸ್ವರ ಬಿಟ್ಟೇ ಬರೀತಾರ, ಸಿದ್ದಪ್ಪ ಇದ್ದಂವ ಓದೋರ ಬಾಯಾಗ ಸದ್ದಪ್ಪ ಆಗಿ ಅದೇ ಕನ್ನಡಕ್ಕ ಇಳಿದಿರ್ತದ. ಹಳೇ ಉರ್ದು ಓದೋ ಹಿರಿಯರು ಊರಾಗ ಇದ್ರ ಮೊದ್ಲು ಅವ್ರಿಗೆ ತೋರಸ್ರಿ. ಆಮ್ಯಾಲ ಇಸವಿ 1350 ಅಂತ ಕಂಡ್ರ ಬಹಮನಿ ಕಾಲದ್ದಂತ ಗಾಬರಿ ಆಗಬ್ಯಾಡ್ರಿ 😄 ಅದು ಫಸಲಿ, ಅಂದ್ರ ನಿಜಾಮರ ಕಾಲದ ಕಂದಾಯದ ಇಸವಿ, 590 ಕೂಡಿಸ್ರಿ, 1940 ಬರ್ತದ. ಇನ್ನ ಸುಗ್ಗಿ ಮುಗದ ಮ್ಯಾಲ ಮನಿತನದ ವಂಶಾವಳಿ ಹೇಳ್ಕೋಂತ ಊರೂರು ತಿರಗೋ ಹೆಳವರು ಬಂದ್ರ ಬರೇ ಜ್ವಾಳ ಕೊಟ್ಟು ಕಳಸಬ್ಯಾಡ್ರಿ, ಕುಂದರ್ಸಿ ನಿಮ್ಮ ಮನಿತನದ್ದು ಹೇಳಸ್ರಿ, ಮೊಬೈಲಿನಾಗ ರೆಕಾರ್ಡ್ ಮಾಡ್ಕೋರಿ, ಮೂಲ ಊರು ಯಾವ್ದಂತ ಬಾಳ ಸಲ ಅಲ್ಲೇ ಸಿಗ್ತದ.